ಕೋಳಿಗೂಡಿನ ಚಿತ್ರಶಾಲೆ

ಪ್ರತಿವರ್ಷವೂ ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳ ಭಾವಚಿತ್ರಗಳನ್ನು ತೆಗೆಯುವ ಕೆಲಸ ನನ್ನ ಕೊರಳಿಗೆ ಬೀಳುತ್ತದೆ. ನಾನು ಇತಿಹಾಸದ ಅಧ್ಯಾಪಕ, ಛಾಯಾಗ್ರಾಹಕನಲ್ಲ. ಆದರೆ ನನ್ನ ಬಳಿ ಒಂದು ಕ್ಯಾಮೆರಾ ಇರುವ ಸಂಗತಿ ಎಲ್ಲರಿಗೂ ತಿಳಿದುಹೋಗಿರುವುದರಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಕಾಲೇಜಿನಲ್ಲಿ ಚಿತ್ರಶಾಲೆಯಿಲ್ಲ, ದೀಪಗಳಿಲ್ಲ, ಬೆನ್ನ ಹಿಂದೆ ಇಳಿಬಿಡಲು ನೆಟ್ಟಗಿನದೊಂದು ಪರದೆಯೂ ಇಲ್ಲ. ಇರುವುದು ಮಹಡಿಯ ಮೆಟ್ಟಿಲ ಬಳಿ ಉತ್ತರಕ್ಕೆ ತೆರೆದಿರುವ ಒಂದು ದೊಡ್ಡ ಕಿಟಕಿ. ಅದರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ, ಒಬ್ಬೊಬ್ಬರನ್ನಾಗಿ ಕೂರಿಸಿ, ನಾಲ್ಕು ಮಾತನಾಡಿಸಿ ಚಿತ್ರ ತೆಗೆಯುತ್ತೇನೆ. ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದಕ್ಕಿಂತ ಇವು ಚೆನ್ನಾಗಿವೆಯೆಂದು ಹುಡುಗರು ಹೇಳುವುದುಂಟು. ಅವರ ಮಾತಿನಲ್ಲಿ ಅಧ್ಯಾಪಕನಿಗೆ ಸಲ್ಲಬೇಕಾದ ಉಪಚಾರದ ಪಾಲು ಎಷ್ಟೆಂಬುದನ್ನು ನಾನು ವಿಚಾರಿಸಲು ಹೋಗಿಲ್ಲ. ಚೆನ್ನಾಗಿದ್ದರೆ ಆ ಕೀರ್ತಿ ನನಗೆ ಸಲ್ಲತಕ್ಕದ್ದಲ್ಲ. ಅದು ನೂರೈವತ್ತು ವರ್ಷಗಳಿಗೂ ಹಿಂದೆ ಒಂದು ಕೋಳಿಗೂಡಿನಲ್ಲಿ ನಿಂತು ಇದೇ ಕೆಲಸ ಮಾಡಿದ ಒಬ್ಬ ಹೆಂಗಸಿಗೆ ಸಲ್ಲಬೇಕು. ಆಕೆಯ ಹೆಸರು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಹೆಸರಿನೊಳಗೇ ಕ್ಯಾಮೆರಾ ಅಡಗಿರುವುದು ಬರಿಯ ಕಾಕತಾಳೀಯ. ಅದು ಗಂಡನ ಕಡೆಯಿಂದ ಬಂದ ಮನೆತನದ ಹೆಸರು.

ಆಕೆಯ ಕಥೆ ನನ್ನನ್ನು ಹಿಡಿದು ನಿಲ್ಲಿಸಿದ್ದಕ್ಕೆ ಮನೆಯದೇ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ. 1997ರಲ್ಲಿ ನನ್ನ ತಂಗಿಯ ಮದುವೆಯಾಯಿತು. ಆಗ ನಾನು ಹೊಸದಾಗಿ ಕೊಂಡ ಫ್ಲಾಷ್ ಇರುವ ಚಿಕ್ಕ ಕ್ಯಾಮೆರಾ ಹಿಡಿದು ಮನೆಯೆಲ್ಲ ಓಡಾಡುತ್ತಿದ್ದೆ. ಧಾರೆಯ ಹಿಂದಿನ ರಾತ್ರಿ ನಮ್ಮ ತಂದೆಯವರು ಸುಣ್ಣ ಹೊಡೆದ ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದರು. ನಾನು ಎದುರಿಗೆ ಹೋಗಿ ಒಂದು ಚಿತ್ರ ಹೊಡೆದೆ. ತಂದೆಯವರು ಒಬ್ಬರೇ ಇರುವ ಚಿತ್ರ ಅದೊಂದೇ ಎಂಬುದು 2008ರಲ್ಲಿ ಅವರು ತೀರಿಕೊಂಡಾಗ ಗೊತ್ತಾಯಿತು. ಅದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದೆವು. ಹಣೆಯೆಲ್ಲ ಬೆಳ್ಳಗೆ ಬೆಂದಂತಿದೆ. ಬೆನ್ನ ಹಿಂದಿನ ಗೋಡೆಯ ಮೇಲೆ ಕರಿಯ ನೆರಳೊಂದು ಕತ್ತರಿಸಿ ಅಂಟಿಸಿದಂತೆ ನಿಂತಿದೆ. ಕನ್ನಡಕದ ಎರಡು ಗಾಜುಗಳ ಮೇಲೂ ಬೆಳಕಿನ ಚುಕ್ಕೆ, ಕಣ್ಣುಗಳು ಕಾಣುವುದಿಲ್ಲ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಕಣ್ಣಿನಿಂದಲೇ ಆಳಿದವರಿಗೆ ಮಗನು ತೆಗೆದ ಚಿತ್ರದಲ್ಲಿ ಕಣ್ಣೇ ಇಲ್ಲದಂತಾಯಿತು. ಅಮ್ಮ ಆ ಚಿತ್ರಕ್ಕೆ ದಿನವೂ ಹೂವು ಮುಡಿಸುತ್ತಾಳೆ. ಆದರೆ ಅದರ ಮುಖ ನೋಡುವುದಿಲ್ಲವೆಂಬುದನ್ನು ನಾನು ಬಹಳ ದಿನಗಳ ಮೇಲೆ ಗಮನಿಸಿದೆ.

ಇದಾದ ಎರಡು ಮೂರು ವರ್ಷಗಳ ತರುವಾಯ ಒಂದು ಪುಸ್ತಕದಲ್ಲಿ ಸರ್ ಜಾನ್ ಹರ್ಷೆಲನ ಭಾವಚಿತ್ರವನ್ನು ಕಂಡೆ. ವೃದ್ಧ ಖಗೋಲ ಶಾಸ್ತ್ರಜ್ಞನ ಮುಖ ಕತ್ತಲೆಯೊಳಗಿನಿಂದ ಮೂಡಿ ಬರುತ್ತಿದೆ. ನರೆತ ಕೂದಲು ಕೆದರಿ ಹೊಳೆಯುತ್ತಿದೆ. ಕಣ್ಣುಗಳು ನೀರುಗೂಡಿದಂತಿದ್ದು ಏನನ್ನೋ ನೋಡುತ್ತಿವೆ, ಬಹುಶಃ ನಕ್ಷತ್ರಗಳನ್ನಲ್ಲ. 1867ರಲ್ಲಿ ತೆಗೆದ ಚಿತ್ರವಿದು. ವಿದ್ಯುದ್ದೀಪವಿಲ್ಲದ ಕಾಲ. ಇದನ್ನು ಯಾರು ತೆಗೆದರು, ಹೇಗೆ ತೆಗೆದರು ಎಂದು ಹುಡುಕುತ್ತ ಹೊರಟವನು ಕಲ್ಕತ್ತೆಗೆ ಬಂದು ಮುಟ್ಟಿದೆ.

ಜೂಲಿಯಾ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1815ರ ಜೂನ್ 11ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವಳು. ಏಳು ಮಂದಿ ಅಕ್ಕತಂಗಿಯರಲ್ಲಿ ಉಳಿದವರು ಚೆಲುವಿಗೆ ಹೆಸರಾದವರು. ಈಕೆಗೆ ಮಾತ್ರ ಆ ಹೆಸರು ಬರಲಿಲ್ಲ; ಜನ ಈಕೆಯ ಜಾಣ್ಮೆಯನ್ನು ಹೊಗಳಿ ಸುಮ್ಮನಾಗುತ್ತಿದ್ದರು. ಮುಂದೆ ಈಕೆ ಮುಖಗಳ ಬೆನ್ನುಹತ್ತಿದ್ದಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ಓದು ನಡೆದದ್ದು ಹೆಚ್ಚಾಗಿ ಫ್ರಾನ್ಸಿನಲ್ಲಿ. ಅಲ್ಲಿಂದ ಭಾರತಕ್ಕೆ ಮರಳಿದವಳು 1836ರಲ್ಲಿ ಕಾಯಿಲೆಬಿದ್ದು ಹವಾ ಬದಲಾವಣೆಗೆಂದು ಆಫ್ರಿಕದ ಗುಡ್ ಹೋಪ್ ಭೂಶಿರಕ್ಕೆ ಹೋದಳು. ಆಕೆಯ ಬಾಳಿನ ಎರಡು ಮುಖ್ಯ ಭೇಟಿಗಳೂ ಅಲ್ಲಿಯೇ ಆದುವು. ದಕ್ಷಿಣ ಗೋಲಾರ್ಧದ ಆಕಾಶವನ್ನು ಅಳೆಯಲು ಬಂದಿದ್ದ ಹರ್ಷೆಲನು ಒಬ್ಬ. ಆಕೆಗಿಂತ ಇಪ್ಪತ್ತು ವರ್ಷ ಹಿರಿಯನಾದ ನ್ಯಾಯಶಾಸ್ತ್ರ ಪಂಡಿತ ಚಾರ್ಲ್ಸ್ ಹೇ ಕ್ಯಾಮೆರಾನನು ಇನ್ನೊಬ್ಬ. ಮೊದಲನೆಯವನು ಕೊನೆಯವರೆಗೂ ಗುರುವೂ ಗೆಳೆಯನೂ ಆದ. ಎರಡನೆಯವನನ್ನು 1838ರಲ್ಲಿ ಕಲ್ಕತ್ತೆಯಲ್ಲಿ ಮದುವೆಯಾದಳು.

ಈ ಚಾರ್ಲ್ಸ್ ಕ್ಯಾಮೆರಾನನು ನಮಗೆ ತೀರ ಹೊರಗಿನವನೇನೂ ಅಲ್ಲ. ಮೆಕಾಲೆಯ ಅಧ್ಯಕ್ಷತೆಯಲ್ಲಿ ಭಾರತೀಯ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದ ಆಯೋಗದಲ್ಲಿ ಈತನೂ ಸದಸ್ಯ. 1860ರಲ್ಲಿ ಶಾಸನವಾದ ಆ ಸಂಹಿತೆ 2024ರ ಜುಲೈ 1ರವರೆಗೂ ನಮ್ಮ ನ್ಯಾಯಾಲಯಗಳಲ್ಲಿ ನಡೆಯಿತು. ಅದಕ್ಕೂ ಮುಂಚೆ ಸಿಂಹಳದ ನ್ಯಾಯಾಡಳಿತವನ್ನು ತಿದ್ದುವ ಕೆಲಸದಲ್ಲಿಯೂ ಈತನ ಕೈಯಿತ್ತು. ಅಲ್ಲಿನ ಬೆಟ್ಟಗಳ ಮೇಲೆ ಈತನಿಗೆ ಒಂಥರಾ ಮೋಹ. ಕಾಫಿ ತೋಟಗಳಿಗೆ ಹಣ ಸುರಿಯುತ್ತಲೇ ಹೋದ.

ಛಾಯಾಗ್ರಹಣವೆಂಬುದು ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಬೆಳಕು ಬರೆದ ಚಿತ್ರವನ್ನು ಅಳಿಯದಂತೆ ನಿಲ್ಲಿಸುವುದಕ್ಕೆ ಹೈಪೋ ಎಂಬ ಲವಣ ಒದಗುತ್ತದೆಂದು ತೋರಿಸಿಕೊಟ್ಟವನು ಹರ್ಷೆಲನೇ. ಅವನು ಆ ಹೊಸ ವಿದ್ಯೆಯ ವಾರ್ತೆಯನ್ನೂ ಕೆಲವು ಮಾದರಿಗಳನ್ನೂ ಕಲ್ಕತ್ತೆಯಲ್ಲಿದ್ದ ಗೆಳತಿಗೆ ಕಳಿಸಿಕೊಟ್ಟ. ಆಕೆ ಬೆರಗಿನಿಂದ ನೋಡಿದಳು; ಆದರೆ ಕೈಹಾಕಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಸಂಸಾರ ದೊಡ್ಡದು: ಹೆತ್ತ ಮಕ್ಕಳು ಆರು ಮಂದಿ, ಸಾಕಿಕೊಂಡವರು ಬೇರೆ. ಗಂಡ ಗವರ್ನರ್ ಜನರಲ್ಲನ ಮಂತ್ರಾಲೋಚನ ಸಭೆಯ ಸದಸ್ಯ. ಮನೆ ತುಂಬ ಅತಿಥಿಗಳು. 1848ರಲ್ಲಿ ಸಂಸಾರ ಸಮೇತ ಇಂಗ್ಲೆಂಡಿಗೆ ಹೋದರು. 1860ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಹಳ್ಳಿಯಲ್ಲಿ, ಮಹಾಕವಿ ಟೆನಿಸನ್ನನ ನೆರೆಯಲ್ಲಿ, ಎರಡು ಮನೆಗಳನ್ನು ಕೊಂಡು ಒಂದಾಗಿ ಸೇರಿಸಿ, ತಮ್ಮ ಸಿಂಹಳದ ತೋಟದ ಹೆಸರನ್ನೇ ಅದಕ್ಕಿಟ್ಟರು: ಡಿಂಬೋಲ.

1863ರ ಡಿಸೆಂಬರಿನಲ್ಲಿ ಗಂಡ ತೋಟ ನೋಡಲೆಂದು ಸಿಂಹಳಕ್ಕೆ ಹೋಗಿದ್ದ. ಮಕ್ಕಳು ದೊಡ್ಡವರಾಗಿದ್ದರು. ಆಕೆಗೆ ನಲವತ್ತೆಂಟು ವರ್ಷ. ಒಂಟಿತನದಲ್ಲಿ ಅಮ್ಮನಿಗೆ ಹೊತ್ತು ಹೋಗಲೆಂದು ಮಗಳೂ ಅಳಿಯನೂ ಒಂದು ಕ್ಯಾಮೆರಾವನ್ನು ತಂದುಕೊಟ್ಟರು. ಅದು ಅಂಗೈಯಲ್ಲಿ ಹಿಡಿಯುವ ವಸ್ತುವಲ್ಲ. ಮರದ ದೊಡ್ಡ ಪೆಟ್ಟಿಗೆ. ಒಳಗೆ ಇಡಬೇಕಾದ ಗಾಜಿನ ಫಲಕ ಹನ್ನೊಂದು ಅಂಗುಲಕ್ಕೆ ಒಂಬತ್ತು ಅಂಗುಲ. ಹೊತ್ತು ಕಳೆಯಲು ಕೊಟ್ಟ ಆಟಿಕೆಯನ್ನು ಆಕೆ ಬಾಳಿನ ಕಸುಬು ಮಾಡಿಕೊಂಡಳು. ಕಲ್ಲಿದ್ದಲು ತುಂಬುವ ಕೋಣೆ ಕತ್ತಲೆಕೋಣೆಯಾಯಿತು. ಗಾಜು ಹಾಕಿಸಿದ್ದ ಕೋಳಿಗೂಡು ಚಿತ್ರಶಾಲೆಯಾಯಿತು. ಅದರೊಳಗಿದ್ದ ಕೋಳಿಗಳಿಗೆ ಬಿಡುಗಡೆಯಾಯಿತು. ಅವು ಯಾರ ಊಟದ ತಟ್ಟೆಗೂ ಹೋಗಲಿಲ್ಲವೆಂದು ಆಕೆ ನಂಬಿಕೊಂಡಿದ್ದಳು.

ಆ ಕಾಲದಲ್ಲಿ ಒಂದು ಚಿತ್ರ ತೆಗೆಯುವುದೆಂದರೆ ಏನೆಂಬುದನ್ನು ಇಂದು ಜೇಬಿನಿಂದ ಫೋನು ತೆಗೆದು ಕ್ಷಣಕ್ಕೆ ಹತ್ತು ಚಿತ್ರ ಹೊಡೆಯುವ ನಮ್ಮ ವಿದ್ಯಾರ್ಥಿ ಮಿತ್ರರು ಸ್ವಲ್ಪ ಆಲಿಸಬೇಕು. ಗಾಜಿನ ಫಲಕವನ್ನು ಒಂದು ಕೂದಲಷ್ಟೂ ಧೂಳಿಲ್ಲದಂತೆ ತೊಳೆಯಬೇಕು. ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹುಯ್ದು, ನಾಲ್ಕು ಮೂಲೆಗೂ ಸಮನಾಗಿ ಹರಿಯುವಂತೆ ಓಲಾಡಿಸಬೇಕು. ಆಮೇಲೆ ಕತ್ತಲಲ್ಲಿ ಸಿಲ್ವರ್ ನೈಟ್ರೇಟಿನ ತೊಟ್ಟಿಯಲ್ಲಿ ಅದ್ದಬೇಕು. ಫಲಕ ಇನ್ನೂ ಹಸಿಯಾಗಿರುವಾಗಲೇ ಓಡಿಹೋಗಿ ಪೆಟ್ಟಿಗೆಗೆ ಹಾಕಿ, ಬೆಳಕು ತೋರಿಸಿ, ಮತ್ತೆ ಓಡಿಬಂದು ಸಂಸ್ಕರಿಸಬೇಕು. ಒಣಗಿತೋ, ಕೆಟ್ಟಿತು. ಈ ಫಲಕ ನೀಲಿ ಬೆಳಕಿಗಲ್ಲದೆ ಬೇರೆ ಬಣ್ಣಗಳಿಗೆ ಹೆಚ್ಚು ಜಗ್ಗುವಂಥದಲ್ಲ. ಹೀಗಾಗಿ ಒಂದು ಚಿತ್ರಕ್ಕೆ ಹಲವು ನಿಮಿಷಗಳೇ ಬೇಕಾಗುತ್ತಿದ್ದುವು. ಕೂತವರು ಅಷ್ಟು ಹೊತ್ತೂ ಅಲುಗಬಾರದು. ಆಮೇಲೆ ವಿಷದ ಸೈನೈಡಿನಿಂದ ಚಿತ್ರವನ್ನು ನಿಲ್ಲಿಸಿ, ಬಾವಿಯ ನೀರು ಸೇದಿಸೇದಿ ತೊಳೆದು, ವಾರ್ನಿಷು ಬಳಿದು, ಮೊಟ್ಟೆಯ ಬಿಳಿಭಾಗ ಲೇಪಿಸಿದ ಕಾಗದದ ಮೇಲೆ ಬಿಸಿಲಿನಲ್ಲಿಟ್ಟು ಪ್ರತಿ ಇಳಿಸಬೇಕು. ಆಕೆಯ ಬೆರಳುಗಳೂ ಉಡುಪೂ ಮನೆಯ ಮೇಜಿನ ಹೊದಿಕೆಗಳೂ ಕಪ್ಪು ಕಲೆಗಳಿಂದ ತುಂಬಿದುವು. ಇಷ್ಟೆಲ್ಲ ಮಾಡಿದರೂ ಮೊದಲನೆಯ ಫಲಕ ಕೈಗೆ ಬಂದಾಗ, ಯಾವ ಮುಖದಲ್ಲಿ ಲೇಪವಿದೆಯೆಂದು ತಿಳಿಯದೆ ಒರಸಿ ಹಾಳುಮಾಡಿಬಿಟ್ಟಳು. ಎದೆಗೆಡಲಿಲ್ಲ. 1864ರ ಜನವರಿಯಲ್ಲಿ ಆ್ಯನಿ ಎಂಬ ಪುಟ್ಟ ಹುಡುಗಿಯ ಚಿತ್ರ ನೆಟ್ಟಗೆ ಬಂದಿತು. ಮನೆಯಲ್ಲೆಲ್ಲ ಓಡಾಡಿ ಆ ಮಗುವಿಗೆ ಕೊಡಲು ಉಡುಗೊರೆ ಹುಡುಕಿದಳಂತೆ. ಚಿತ್ರವನ್ನು ಆ ಮಗುವೇ ಮಾಡಿಕೊಟ್ಟಿತೋ ಎಂಬಷ್ಟು ಸಂತೋಷ.

ಇನ್ನು ಬೆಳಕಿನ ವಿಷಯ. ಆಗಿನ ಪಟ್ಟಣಗಳ ಭಾವಚಿತ್ರಗಾರರು ಗಾಜಿನ ಛಾವಣಿಯ ಕೆಳಗೆ, ನಾಲ್ಕೂ ಕಡೆಯಿಂದ ಸಮನಾದ ಬೆಳಕು ಬೀಳುವಂತೆ ಜನರನ್ನು ನಿಲ್ಲಿಸುತ್ತಿದ್ದರು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಚಿಮಟ. ಪಕ್ಕದಲ್ಲಿ ಬಣ್ಣ ಬಳಿದ ಕಂಬ, ಪರದೆ, ಕುಂಡ. ಫ್ರಾನ್ಸಿನ ಡಿಸ್ಡೇರಿ 1854ರಲ್ಲಿ ಸನ್ನದು ಪಡೆದ ಭೇಟಿಚೀಟಿ ಗಾತ್ರದ ಚಿತ್ರಗಳು ಎಲ್ಲೆಲ್ಲೂ ಹರಡಿದ್ದುವು. ಅಡಿಯಿಂದ ಮುಡಿಯವರೆಗೆ ಮನುಷ್ಯ ಕಾಣಿಸುತ್ತಿದ್ದ; ಮುಖ ಮಾತ್ರ ಹೆಸರುಕಾಳಿನಷ್ಟು. ಶ್ರೀಮತಿ ಕ್ಯಾಮೆರಾನ್ ಇದೆಲ್ಲವನ್ನೂ ತಲೆಕೆಳಗು ಮಾಡಿದಳು. ಗಾಜಿನ ಮನೆಯ ಬಹುಭಾಗಕ್ಕೆ ಪರದೆ ಎಳೆದು, ಒಂದು ಕಡೆಯಿಂದ, ತುಸು ಎತ್ತರದಿಂದ ಮಾತ್ರ ಬೆಳಕು ಬರುವಂತೆ ಮಾಡಿದಳು. ಬೆನ್ನ ಹಿಂದೆ ಕಪ್ಪು ಬಟ್ಟೆ. ಕೂತವರ ಮೈಗೂ ಕಪ್ಪು ಹೊದಿಕೆ. ಕಂಬವಿಲ್ಲ, ಕುಂಡವಿಲ್ಲ, ಚಿಮಟವಿಲ್ಲ. ಪೆಟ್ಟಿಗೆಯನ್ನು ಹತ್ತಿರಕ್ಕೆ ತಂದು ಮುಖದಿಂದಲೇ ಫಲಕವನ್ನು ತುಂಬಿದಳು. ಸಲಕರಣೆಯೆಂದರೆ ಇಷ್ಟೇ: ಒಂದು ಕಿಟಕಿ, ಒಂದು ಕಪ್ಪು ಬಟ್ಟೆ, ಒಂದು ಮಸೂರ.

ಇದರಿಂದ ಆದದ್ದೇನೆಂಬುದನ್ನು ನಾನು ಕಿಟಕಿಯ ಬಳಿ ಎಷ್ಟೋ ಸಲ ಪರೀಕ್ಷಿಸಿ ನೋಡಿದ್ದೇನೆ. ಮುಖವೆಂಬುದು ಏರುತಗ್ಗುಗಳ ಭೂಮಿ. ಅದರ ಆಕಾರವನ್ನು ನಮಗೆ ತಿಳಿಸುವುದು ಬೆಳಕಲ್ಲ, ನೆರಳು. ಬೆಳಕು ಎದುರಿನಿಂದ, ಮಸೂರದ ಪಕ್ಕದಿಂದಲೇ ಬಂದರೆ ನೆರಳು ಕಿವಿಯ ಹಿಂದಕ್ಕೆ ಓಡಿಹೋಗುತ್ತದೆ; ಮುಖ ಚಪ್ಪಟೆಯಾಗುತ್ತದೆ. ನನ್ನ ಫ್ಲಾಷು ತಂದೆಯವರಿಗೆ ಮಾಡಿದ್ದು ಇದನ್ನೇ. ಬೆಳಕು ಓರೆಯಾಗಿ ಬಂದರೆ ಮೂಗಿಗೆ ಎತ್ತರ, ಕೆನ್ನೆಗೆ ತಿರುವು, ಕಣ್ಣಿಗೆ ಆಳ ಬರುತ್ತವೆ. ಇನ್ನೊಂದು ಸಂಗತಿ: ಬೆಳಕಿನ ಮೂಲ ದೊಡ್ಡದಾಗಿದ್ದು ಹತ್ತಿರವಿದ್ದಷ್ಟೂ ನೆರಳಿನ ಅಂಚು ಮೃದು. ಚುಕ್ಕೆಯಷ್ಟು ಫ್ಲಾಷು ಚೂರಿಯಂತೆ ಕತ್ತರಿಸುತ್ತದೆ. ನಾಲ್ಕಡಿ ಕಿಟಕಿಯ ಪಕ್ಕದಲ್ಲಿ ಕುಳಿತವನ ಕೆನ್ನೆಯ ಮೇಲೆ ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಕಿಟಕಿಯಿಂದ ದೂರ ಸರಿದಷ್ಟೂ ಬೆಳಕು ಬೇಗ ಕುಂದುವುದರಿಂದ ಬೆನ್ನ ಹಿಂದಿನ ಗೋಡೆ ತಾನಾಗಿಯೇ ಕತ್ತಲಾಗುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಏನೂ ಇಲ್ಲ. ನೇರ ಬಿಸಿಲು ಬೀಳದಿದ್ದರೆ ಸಾಕು.

ಅವಳ ಚಿತ್ರಗಳಲ್ಲಿ ಎಲ್ಲವೂ ಸ್ಫುಟವಾಗಿ ಕಾಣುವುದಿಲ್ಲ. ಕಣ್ಣು ತಿಳಿಯಾಗಿದ್ದರೆ ಕಿವಿ ಮಸುಕು. ಕೆಲವೊಮ್ಮೆ ಕಣ್ಣೂ ಮಸುಕು. ಮಸೂರವನ್ನು ಹೊಂದಿಸುತ್ತ ಹೋಗಿ ಎಲ್ಲಿ ತನ್ನ ಕಣ್ಣಿಗೆ ಚೆಂದವೆನಿಸಿತೋ ಅಲ್ಲಿಯೇ ಕೈ ನಿಲ್ಲಿಸುತ್ತಿದ್ದಳು. ಲಂಡನ್ನಿನ ಛಾಯಾಗ್ರಾಹಕರ ಸಂಘದವರು ಕೆರಳಿದರು. ಹೊಂದಿಕೆ ತಪ್ಪಿದೆ, ಫಲಕದ ಮೇಲೆ ಬೆರಳ ಗುರುತು, ಗೀರು, ಕಲೆಗಳಿವೆ, ಹೆಂಗಸಿಗೆ ಕಸುಬು ತಿಳಿಯದು ಎಂಬ ಅರ್ಥದ ಟೀಕೆಗಳನ್ನು ಅವರ ಪತ್ರಿಕೆಗಳಲ್ಲಿ ಬರೆದರು. ಕಲೆ ಗೀರುಗಳ ಮಾತು ಸುಳ್ಳಲ್ಲ. ಆಕೆ ಅವಸರದ ಹೆಂಗಸು. ಆದರೆ ಚಿತ್ರಕಾರರೂ ಕವಿಗಳೂ ಬೇರೆಯದನ್ನು ಕಂಡರು. ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂದು ಕರೆಯುವ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ನಿರ್ದೇಶಕ ಹೆನ್ರಿ ಕೋಲನು 1865ರಲ್ಲಿಯೇ, ಎಂದರೆ ಆಕೆ ಕೆಲಸ ಮೊದಲುಮಾಡಿ ಎರಡು ವರ್ಷವೂ ತುಂಬದಿರುವಾಗಲೇ, ಚಿತ್ರಗಳನ್ನು ಕೊಂಡ. 1868ರಲ್ಲಿ ಅಲ್ಲಿಯೇ ಎರಡು ಕೋಣೆಗಳನ್ನು ಚಿತ್ರಶಾಲೆಯಾಗಿ ಬಳಸಲು ಬಿಟ್ಟುಕೊಟ್ಟ.

ಕೋಳಿಗೂಡಿಗೆ ಬಂದು ಕುಳಿತವರ ಪಟ್ಟಿ ದೊಡ್ಡದು. ಟೆನಿಸನ್ನನನ್ನು ಎಷ್ಟೋ ಸಲ ಎಳೆದುತಂದು ಕೂರಿಸಿದಳು. 1865ರ ಒಂದು ಚಿತ್ರದಲ್ಲಿ ತಾನು ಕೊಳಕು ಸಂನ್ಯಾಸಿಯಂತೆ ಕಾಣುತ್ತೇನೆಂದು ಅವನೇ ಹಾಸ್ಯ ಮಾಡಿದ. ಡಾರ್ವಿನನು 1868ರ ಬೇಸಗೆಯಲ್ಲಿ ಸಂಸಾರದೊಡನೆ ಫ್ರೆಶ್‌ವಾಟರಿಗೆ ಬಂದು ಆಕೆಯ ಮನೆಯಲ್ಲೇ ಬಾಡಿಗೆಗಿದ್ದ. ಆಗ ತೆಗೆದ ಚಿತ್ರವನ್ನು ತನ್ನ ಚಿತ್ರಗಳಲ್ಲೆಲ್ಲ ಹೆಚ್ಚು ಮೆಚ್ಚಿಕೊಂಡ. ಚಾವಣಿಯಂತೆ ಬಾಗಿದ ಹುಬ್ಬು, ಅದರ ಕೆಳಗೆ ಎರಡು ದಣಿದ ಕಣ್ಣು. ನಮ್ಮ ಪಠ್ಯಪುಸ್ತಕಗಳ ಡಾರ್ವಿನ್ನನಿಗಿಂತ ಈತ ಬೇರೆ. ಹರ್ಷೆಲನ ಚಿತ್ರಕ್ಕೆ ಮಾತ್ರ ಅವನ ಮನೆಗೇ ಸಲಕರಣೆಗಳನ್ನು ಹೊತ್ತುಕೊಂಡು ಹೋದಳು. ತಲೆಗೆ ನೀರೆರೆದುಕೊಂಡು ಬರುವಂತೆ ಆ ಎಪ್ಪತ್ತೈದರ ಮುದುಕನಿಗೆ ಹೇಳಿ, ಒಣಗಿದ ಕೂದಲನ್ನು ಕೈಯಿಂದಲೇ ಕೆದರಿದಳೆಂದು ಹೇಳುತ್ತಾರೆ. ಗುರುವಿನ ತಲೆಗೆ ಕೈಹಾಕುವ ಸಲಿಗೆ ಮೂವತ್ತು ವರ್ಷದ ಸ್ನೇಹದಿಂದ ಬಂದದ್ದು. ತಂಗಿಯ ಮಗಳು ಜೂಲಿಯಾ ಜಾಕ್ಸನ್ನಳ ಚಿತ್ರಗಳೂ ಅದೇ 1867ರವು. ಲೇಖಕಿ ವರ್ಜೀನಿಯಾ ವುಲ್ಫಳ ತಾಯಿ ಈಕೆ. ವುಲ್ಫಳೇ ಮುಂದೆ, 1926ರಲ್ಲಿ, ರೋಜರ್ ಫ್ರೈ ಜೊತೆಗೂಡಿ ತಾಯಿಯ ದೊಡ್ಡಮ್ಮನ ಚಿತ್ರಗಳ ಒಂದು ಸಂಪುಟವನ್ನು ಪ್ರಕಟಿಸಿದಳು.

ಆದರೆ ದೊಡ್ಡವರಿಗಿಂತ ನನಗೆ ಆ ಮನೆಯ ಕೆಲಸದ ಹುಡುಗಿಯರ ಚಿತ್ರಗಳೇ ಹೆಚ್ಚು ಪ್ರಿಯ. ಮೇರಿ ಹಿಲಿಯರ್ ಎಂಬವಳನ್ನು ಮತ್ತೆ ಮತ್ತೆ ಮಾತೆ ಮೇರಿಯಾಗಿ ಕೂರಿಸಿದಳು. ಮೇರಿ ರಯಾನ್ ಎಂಬ ಇನ್ನೊಬ್ಬಳು ಐರಿಷ್ ಭಿಕ್ಷುಕಿಯ ಮಗಳು. ಬೀದಿಯಲ್ಲಿ ಕಂಡು ಮನೆಗೆ ತಂದು ಓದು ಕಲಿಸಿದ್ದರು. ಒಂದು ಪ್ರದರ್ಶನದಲ್ಲಿ ಅವಳನ್ನೂ ಅವಳ ಚಿತ್ರವನ್ನೂ ಕಂಡ ಯುವಕನೊಬ್ಬ ಮನಸೋತು 1867ರಲ್ಲಿ ಅವಳನ್ನು ಮದುವೆಯಾದ. ಅವನೇ ಬಂಗಾಳದ ನಾಗರಿಕ ಸೇವೆಯ ಹೆನ್ರಿ ಕಾಟನ್. 1904ರ ಮುಂಬಯಿ ಅಧಿವೇಶನದಲ್ಲಿ ನಮ್ಮ ರಾಷ್ಟ್ರೀಯ ಕಾಂಗ್ರೆಸ್ಸಿಗೆ ಅಧ್ಯಕ್ಷನಾದವನು. ರೆಕ್ಕೆ ಕಟ್ಟಿಕೊಂಡ ದೇವದೂತರ, ಆರ್ಥರ್ ರಾಜನ ಕಥೆಯ ವೇಷಧಾರಿಗಳ ಚಿತ್ರಗಳನ್ನೂ ಆಕೆ ಬಹಳವಾಗಿ ತೆಗೆದಳು. ಅವು ನಮ್ಮ ಕಾಲೇಜಿನ ನಾಟಕದ ದಿನದ ಗುಂಪುಚಿತ್ರಗಳನ್ನು ನೆನಪಿಗೆ ತರುತ್ತವೆ, ನನಗೆ ರುಚಿಸುವುದಿಲ್ಲ.

ಹಣ ಮಾತ್ರ ಬರಲಿಲ್ಲ. ಚಿತ್ರಗಳಿಗೆ ಹಕ್ಕುಸ್ವಾಮ್ಯ ನೋಂದಾಯಿಸಿ ಲಂಡನ್ನಿನ ವ್ಯಾಪಾರಿಗಳ ಮೂಲಕ ಮಾರಿದರೂ ಖರ್ಚೇ ಮುಂದಾಯಿತು. ಸಿಂಹಳದ ಕಾಫಿಗೆ ಎಲೆರೋಗ ತಗಲಿ ತೋಟಗಳು ಕುಸಿಯತೊಡಗಿದ್ದುವು. 1875ರಲ್ಲಿ ದಂಪತಿಗಳು ಇಂಗ್ಲೆಂಡನ್ನು ಬಿಟ್ಟು ಸಿಂಹಳಕ್ಕೆ ಹೊರಟರು. ಸಾಮಾನಿನ ಜೊತೆಗೆ ಒಂದು ಹಸು, ಎರಡು ಶವಪೆಟ್ಟಿಗೆ. ಅಲ್ಲಿ ಬೇಕಾದಾಗ ಸಿಕ್ಕದಿದ್ದರೆ ಎಂಬ ಮುಂದಾಲೋಚನೆ. ಖಾಲಿ ಒಯ್ಯುವುದೇಕೆಂದು ಅವುಗಳೊಳಗೆ ಪಿಂಗಾಣಿ ಪಾತ್ರೆಗಳನ್ನು ತುಂಬಿದ್ದರಂತೆ. ಸಿಂಹಳದಲ್ಲಿ ಆಕೆ ತೆಗೆದ ಚಿತ್ರಗಳಲ್ಲಿ ಉಳಿದಿರುವುದು ಬಹಳ ಕಡಿಮೆ. ತೋಟದ ಕೂಲಿಯ ಹೆಂಗಸರನ್ನೂ ಗಂಡಸರನ್ನೂ ಅದೇ ಓರೆ ಬೆಳಕಿನಲ್ಲಿ ನಿಲ್ಲಿಸಿದ್ದಾಳೆ. ಫ್ರೆಶ್‌ವಾಟರಿನಲ್ಲಿ ಕೆಲಸದವಳ ಹೆಸರನ್ನೂ ಚಿತ್ರದೊಡನೆ ಉಳಿಸಿದವಳು ಇಲ್ಲಿ ಹಲವರ ಹೆಸರನ್ನೇ ಬರೆದಿಡಲಿಲ್ಲ. ಇತಿಹಾಸದ ಮೇಷ್ಟರಾದ ನನಗೆ ಆ ಮುಖಗಳ ಮುಂದೆ ಸ್ವಲ್ಪ ಮುಜುಗರವಾಗುತ್ತದೆ. 1879ರ ಜನವರಿ 26ರಂದು ಆಕೆ ಅಲ್ಲಿಯೇ ತೀರಿಕೊಂಡಳು. ಬೊಗವಂತಲಾವದ ಚರ್ಚಿನ ಅಂಗಳದಲ್ಲಿ ಆಕೆಯ ಸಮಾಧಿಯಿದೆ. ಮರುವರ್ಷ ತೀರಿಕೊಂಡ ಗಂಡನದೂ ಪಕ್ಕದಲ್ಲಿಯೇ. ಹನ್ನೊಂದು ಹನ್ನೆರಡು ವರ್ಷದ ಕೆಲಸದಲ್ಲಿ ಇಂದಿಗೆ ಸುಮಾರು 1200 ಚಿತ್ರಗಳು ಗೊತ್ತಿವೆ.

ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ಅಮ್ಮನ ಚಿತ್ರ ತೆಗೆದೆ. ಅವಳಿಗೆ ಎಂಬತ್ತೊಂದು. ಬೆಳಗಿನ ಹತ್ತು ಗಂಟೆ. ಮುಂಬಾಗಿಲ ಒಳಗಡೆಗೆ ಬಿಸಿಲು ಇನ್ನೂ ಬಂದಿರಲಿಲ್ಲ. ಬಾಗಿಲ ಎರಡು ಕದಗಳಲ್ಲಿ ಒಂದನ್ನು ಮುಚ್ಚಿದೆ. ಗೂಟದ ಮೇಲಿದ್ದ ತಂದೆಯವರ ಕರಿಯ ಕಂಬಳಿಯನ್ನು ಹಿಂದೆ ಹಗ್ಗಕ್ಕೆ ಇಳಿಬಿಟ್ಟೆ. ಅಮ್ಮನನ್ನು ಮಣೆಯ ಮೇಲೆ ಬಾಗಿಲಿಗೆ ಓರೆಯಾಗಿ ಕೂರಿಸಿ, ನೆರಳಿನ ಕಡೆಗೆ ಒಂದು ಒಗೆದ ಬಿಳಿಯ ಪಂಚೆಯನ್ನು ಕುರ್ಚಿಯ ಬೆನ್ನಿಗೆ ಹರಡಿದೆ. ಅಷ್ಟರಿಂದಲೇ ಆ ಕಡೆಯ ಕೆನ್ನೆಗೆ ಸ್ವಲ್ಪ ಬೆಳಕು ತುಂಬಿತು. ದೀಪ ಹಾಕುವುದಿಲ್ಲವೇ ಎಂದು ಅವಳು ಕೇಳಿದಳು; ಬೇಡವೆಂದೆ. ಕನ್ನಡಕದಲ್ಲಿ ಬಾಗಿಲು ಹೊಳೆಯದಂತೆ ತಲೆಯನ್ನು ತುಸು ತಗ್ಗಿಸಲು ಹೇಳಿದೆ. ತಂಗಿಯ ಮೊಮ್ಮಗುವಿನ ಮಾತು ತೆಗೆದೆ. ಅವಳ ಮುಖ ಅರಳುವ ಮುನ್ನ ಒಂದು ಕ್ಷಣ ಇರುತ್ತದಲ್ಲ, ಅಲ್ಲಿ ಗುಂಡಿ ಒತ್ತಿದೆ.

ಪ್ರತಿಯನ್ನು ಮಾಡಿಸಿಕೊಂಡು ಹೋಗಿ ಸಂಕ್ರಾಂತಿಯ ಹೊತ್ತಿಗೆ ಅವಳ ಕೈಗೆ ಕೊಟ್ಟೆ. ಬಾಗಿಲ ಬಳಿ ಹೋಗಿ, ಅದೇ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಆಮೇಲೆ ಪಡಸಾಲೆಯ ಗೋಡೆಯ ಕಡೆಗೆ ತಿರುಗಿ, ಅವರದನ್ನೂ ಹೀಗೇ ತೆಗೆಯಬಾರದಿತ್ತೇ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಚಿತ್ರವನ್ನು ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟು ಎಳ್ಳುಬೆಲ್ಲ ಕಟ್ಟುವುದಕ್ಕೆ ಒಳಗೆ ಹೋದಳು.